ಸರ್ಕ್ಯೂಟ್‌ನಲ್ಲಿ ಬರೆದ ಪಾರ್ಟ್ ಸಿಗದಿದ್ದಾಗ

ಗಿಟಾರ್ ಪೆಡಲ್ (ಗಿಟಾರ್‌ಗೂ ಆಂಪ್‌ಗೂ ನಡುವೆ ಇಟ್ಟು ಸದ್ದು ಬದಲಿಸುವ ಪೆಟ್ಟಿಗೆ) ಕಟ್ಟುವ ಓದುಗರ ಪ್ರಶ್ನೆಗಳಿಗೆ ಈ ಸಲವೂ ಉತ್ತರ ಬರೆಯುತ್ತಿದ್ದೇನೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಮಾತು ಕೇಳುತ್ತವೆ. ಸರ್ಕ್ಯೂಟ್‌ನಲ್ಲಿ ಬರೆದಿರುವ ಪಾರ್ಟ್ ಸಿಗುತ್ತಿಲ್ಲ, ಕೈಯಲ್ಲಿ ಇನ್ನೊಂದು ಇದೆ, ಹಾಕಬಹುದಾ? ಅಂಥವನ್ನೇ ಆರಿಸಿ ಒಟ್ಟಿಗೆ ಇಟ್ಟಿದ್ದೇನೆ. ನನ್ನ ಉತ್ತರಗಳಲ್ಲೆಲ್ಲ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ: ಆ ಜಾಗದಲ್ಲಿ ಆ ಪಾರ್ಟ್ ಮಾಡುತ್ತಿರುವ ಕೆಲಸ ಏನು? ಅದು ಗೊತ್ತಾದರೆ ಬದಲಿ ಪಾರ್ಟ್ ಹುಡುಕುವುದು ಕಷ್ಟವಲ್ಲ.

ಪ್ರಶ್ನೆ: ಮೇಡಂ, ಟ್ಯೂಬ್ ಸ್ಕ್ರೀಮರ್ ಮಾದರಿಯ ಓವರ್‌ಡ್ರೈವ್, ಅಂದರೆ ಸದ್ದನ್ನು ಸ್ವಲ್ಪ ಒರಟಾಗಿಸುವ ಪೆಡಲ್, ಕಟ್ಟುತ್ತಿದ್ದೇನೆ. ಸರ್ಕ್ಯೂಟ್‌ನಲ್ಲಿ 1ಎಸ್1588 ಡಯೋಡ್, ಜೆಆರ್‌ಸಿ4558 ಐಸಿ, 51 ಪಿಕೋಫ್ಯಾರಡ್ ಕೆಪ್ಯಾಸಿಟರ್, 0.22 ಮೈಕ್ರೋಫ್ಯಾರಡ್ ಟ್ಯಾಂಟಲಮ್ ಎಂದಿದೆ. ನನ್ನ ಹತ್ತಿರ ಇರುವುದು 1ಎನ್4148, ಟಿಎಲ್072, 47 ಪಿಕೋಫ್ಯಾರಡ್, ಮತ್ತು 0.22ರ ಫಿಲ್ಮ್ ಕೆಪ್ಯಾಸಿಟರ್. ಇವುಗಳಲ್ಲಿ ಯಾವುದನ್ನು ಹಾಕಬಹುದು?

ನಾಲ್ಕನ್ನೂ ಹಾಕಿ. ಧೈರ್ಯವಾಗಿ ಹಾಕಿ.

1ಎಸ್1588 ಒಂದು ಸಾಮಾನ್ಯ ಸಣ್ಣ ಸಿಲಿಕಾನ್ ಡಯೋಡ್. ಸುಮಾರು 0.6 ವೋಲ್ಟ್ ಆದಾಗ ಕರೆಂಟ್ ಬಿಡುತ್ತದೆ. 1ಎನ್4148 ಕೂಡ ಅಷ್ಟೇ. ಹಳೆಯ ಡಯೋಡ್‌ಗಾಗಿ ತಿಂಗಳುಗಟ್ಟಲೆ ಕಾಯುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಅಷ್ಟು ದಿನ ಗಿಟಾರ್ ನುಡಿಸಬಹುದಿತ್ತು, ಅಲ್ವಾ?

51ರ ಬದಲು 47. ಈ ಕೆಪ್ಯಾಸಿಟರ್ ಐಸಿಯ ಫೀಡ್‌ಬ್ಯಾಕ್ ದಾರಿಯಲ್ಲಿ ಕೂತು ಚೂಪಾದ ಮೇಲಿನ ಸ್ವರಗಳನ್ನು ಸ್ವಲ್ಪ ಕತ್ತರಿಸುತ್ತದೆ. ಡ್ರೈವ್ ಪೂರ್ತಿ ತಿರುಗಿಸಿದಾಗ ಅದರ ಜೊತೆ ಇರುವ ರೆಸಿಸ್ಟನ್ಸ್ 551 ಕಿಲೋಓಮ್. ಲೆಕ್ಕ ಹಾಕಿದರೆ 51 ಪಿಕೋಗೆ ಕತ್ತರಿಸುವ ಜಾಗ ಸುಮಾರು 5.7 ಕಿಲೋಹರ್ಟ್ಸ್, 47ಕ್ಕೆ ಸುಮಾರು 6.1. ಕಿವಿಗೆ ಇದು ಗೊತ್ತಾಗುವುದಿಲ್ಲ. ಕೆಪ್ಯಾಸಿಟರ್‌ನ ಟಾಲರೆನ್ಸೇ (ಬರೆದ ಬೆಲೆಗೂ ನಿಜವಾದ ಬೆಲೆಗೂ ಇರಬಹುದಾದ ವ್ಯತ್ಯಾಸ) ಅಷ್ಟು ಇರುತ್ತದೆ. 100 ಪಿಕೋ ಹಾಕಿದರೆ ಮಾತ್ರ ಕಥೆ ಬೇರೆ. ಆಗ ಅದು 2.9 ಕಿಲೋಹರ್ಟ್ಸ್‌ಗೆ ಇಳಿಯುತ್ತದೆ, ಸದ್ದು ಮಂಕಾಗುತ್ತದೆ.

ಟ್ಯಾಂಟಲಮ್ ಬದಲು ಫಿಲ್ಮ್ ಹಾಕುವುದು ನನಗಂತೂ ಇನ್ನೂ ಇಷ್ಟ. ಫಿಲ್ಮ್‌ಗೆ ಪ್ಲಸ್-ಮೈನಸ್ ಇಲ್ಲ, ಹೇಗೆ ಹಾಕಿದರೂ ಸರಿ. ಟ್ಯಾಂಟಲಮ್ ತಿರುಗಾಮುರುಗಾ ಆದರೆ ಸುಟ್ಟು ಹೋಗಬಹುದು. ಬೋರ್ಡ್‌ನಲ್ಲಿ ಜಾಗ ಸಾಕಾಗುತ್ತದಾ ಅಂತ ಮಾತ್ರ ನೋಡಿಕೊಳ್ಳಿ, ಫಿಲ್ಮ್ ಸ್ವಲ್ಪ ದಪ್ಪ ಇರುತ್ತದೆ.

ಇನ್ನು ಐಸಿ. 4558 ಮತ್ತು ಟಿಎಲ್072 ಎರಡರ ಕಾಲುಗಳ ಜೋಡಣೆ ಒಂದೇ, ಎರಡರಲ್ಲೂ ಎರಡೆರಡು ಆಂಪ್ಲಿಫೈಯರ್ ಇವೆ. ಈ ಪೆಡಲ್‌ನಲ್ಲಿ ಸದ್ದನ್ನು ಮುರಿಯುವ (ಅಲೆಯ ತುದಿ ಕತ್ತರಿಸಿ ಒರಟಾಗಿಸುವ) ಕೆಲಸ ಡಯೋಡ್‌ಗಳದ್ದು, ಐಸಿಯದ್ದಲ್ಲ. ಅದಕ್ಕೇ ಐಸಿ ಬದಲಿಸಿದರೆ ಆಗುವ ವ್ಯತ್ಯಾಸ ಜನ ಹೇಳುವಷ್ಟು ದೊಡ್ಡದಲ್ಲ. ಬೋರ್ಡ್‌ಗೆ ನೇರ ಬೆಸುಗೆ ಹಾಕದೆ 8 ಕಾಲಿನ ಸಾಕೆಟ್ ಹಾಕಿ. ಮುಂದೆ 4558 ಸಿಕ್ಕಾಗ ಎರಡನ್ನೂ ಒಂದೇ ಆಂಪ್‌ನಲ್ಲಿ, ಒಂದೇ ವಾಲ್ಯೂಮ್‌ನಲ್ಲಿ ಕೇಳಿ ನೀವೇ ತೀರ್ಮಾನಿಸಬಹುದು. ಟಿಎಲ್071 ಮಾತ್ರ ಹಾಕಬೇಡಿ. ಅದರಲ್ಲಿ ಇರುವುದು ಒಂದೇ ಆಂಪ್ಲಿಫೈಯರ್, ಕಾಲುಗಳೂ ಬೇರೆ.

ನೀವು ಕೇಳದ ಒಂದು ಜಾಗದ ಬಗ್ಗೆ ಹೇಳಲೇಬೇಕು, ಏಕೆಂದರೆ ಅಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಕು. ಮೊದಲ ಆಂಪ್ಲಿಫೈಯರ್‌ನ ಮೈನಸ್ ಕಾಲಿನಿಂದ ಕೆಳಗಿಳಿಯುವ 4.7 ಕಿಲೋಓಮ್ ಮತ್ತು 47 ನ್ಯಾನೋಫ್ಯಾರಡ್ ಜೋಡಿ ನೋಡಿ. ಇವೆರಡೂ ಸೇರಿ 720 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳಿಗೆ ಗೇನ್ (ಸಿಗ್ನಲ್ ಎಷ್ಟು ಪಟ್ಟು ದೊಡ್ಡದಾಗುತ್ತದೆ ಎಂಬುದು) ಕಡಿಮೆ ಮಾಡುತ್ತವೆ. ಈ ಪೆಡಲ್‌ನ ಗುರುತೇ ಆದ ಆ ಮಧ್ಯದ ಉಬ್ಬು ಹುಟ್ಟುವುದು ಮುಖ್ಯವಾಗಿ ಇಲ್ಲಿ. 47 ನ್ಯಾನೋ ಇಲ್ಲವೆಂದು ಸುಮ್ನೆ 100 ನ್ಯಾನೋ ಹಾಕಿದರೆ ಆ ಜಾಗ 340 ಹರ್ಟ್ಸ್ ಹತ್ತಿರಕ್ಕೆ ಇಳಿಯುತ್ತದೆ. ದಪ್ಪ ತಂತಿಗಳ ಸದ್ದು ಜಾಸ್ತಿ ಮುರಿಯುತ್ತದೆ, ಕಾರ್ಡ್ ಹಿಡಿದಾಗ ಒಳಗಿನ ಸ್ವರಗಳು ಕಲಸಿಹೋಗುತ್ತವೆ. ಕೆಲವರಿಗೆ ಆ ದಪ್ಪ ಸದ್ದೇ ಬೇಕು, ತಪ್ಪೇನಿಲ್ಲ. ಆದರೆ ಅದು ಬೇರೆ ಪೆಡಲ್. 47 ನ್ಯಾನೋ ಬೇಕೇ ಬೇಕಾದರೆ 22 ನ್ಯಾನೋದ ಎರಡನ್ನು ಪಕ್ಕಪಕ್ಕ ಪ್ಯಾರಲಲ್ ಆಗಿ ಹಾಕಿ, 44 ಬರುತ್ತದೆ. ಅದು ಸಾಕು.

ಪ್ರಶ್ನೆ: 2ಎನ್5088 ಬದಲು ಬಿಸಿ549 ಹಾಕಿ ಒಂದೇ ಟ್ರಾನ್ಸಿಸ್ಟರ್‌ನ ಬೂಸ್ಟರ್ ಕಟ್ಟಿದೆ. ಸದ್ದು ಬರುತ್ತಿದೆ, ಆದರೆ ಬೂಸ್ಟ್ ಇಲ್ಲವೇ ಇಲ್ಲ. ಬಿಸಿ549ರ ಗೇನ್ ಕಡಿಮೆಯಾ?

ಗೇನ್ ಕಡಿಮೆಯಿಲ್ಲ, ಕಾಲುಗಳು ಅದಲುಬದಲಾಗಿವೆ. ಚಪ್ಪಟೆ ಮುಖ ನಿಮ್ಮ ಕಡೆ ಇಟ್ಟು, ಕಾಲು ಕೆಳಗೆ ಮಾಡಿ ನೋಡಿ. 2ಎನ್5088ರಲ್ಲಿ ಎಡದಿಂದ ಎಮಿಟರ್, ಬೇಸ್, ಕಲೆಕ್ಟರ್. ಬಿಸಿ549ರಲ್ಲಿ ಕಲೆಕ್ಟರ್, ಬೇಸ್, ಎಮಿಟರ್. ಬೇಸ್ ಎರಡರಲ್ಲೂ ಮಧ್ಯದಲ್ಲೇ ಇರುವುದರಿಂದ ತಲೆಕೆಳಗಾದರೂ ಟ್ರಾನ್ಸಿಸ್ಟರ್ ಅರೆಬರೆ ಕೆಲಸ ಮಾಡುತ್ತದೆ, ಗೇನ್ ಮಾತ್ರ ತೀರಾ ಬಿದ್ದುಹೋಗುತ್ತದೆ. ಅದಕ್ಕೇ ನಿಮಗೆ ಸದ್ದು ಬಂದದ್ದು. ಕಿತ್ತು, ಅರ್ಧ ಸುತ್ತು ತಿರುಗಿಸಿ ಹಾಕಿ.

2ಎಸ್‌ಸಿ1815 ಸಿಕ್ಕಿತು ಎಂದು ಹಾಕುವವರು ಇನ್ನೂ ಹುಷಾರಾಗಿರಬೇಕು. ಅದರಲ್ಲಿ ಎಮಿಟರ್, ಕಲೆಕ್ಟರ್, ಬೇಸ್ ಎಂಬ ಸಾಲು. ಸುಮ್ಮನೆ ತಿರುಗಿಸಿದರೆ ಆಗುವುದಿಲ್ಲ, ಕಾಲು ಬಗ್ಗಿಸಿ ದಾಟಿಸಬೇಕು. ದಾಟುವ ಕಾಲಿಗೆ ತಂತಿಯ ಪ್ಲಾಸ್ಟಿಕ್ ಕವಚದ ತುಂಡು ತೊಡಿಸಿ. ಡಿಲೇ ಪೆಡಲ್ ಕಟ್ಟುವವರಿಗೂ ಇದೇ ಮಾತು. 7805 ವೋಲ್ಟೇಜ್ ರೆಗ್ಯುಲೇಟರ್ ಮತ್ತು ಅದರ ಪುಟ್ಟ ರೂಪ 78ಎಲ್05, ಎರಡೂ 5 ವೋಲ್ಟ್ ಕೊಡುತ್ತವೆ. ಆದರೆ ಒಂದರ ಇನ್‌ಪುಟ್ ಇರುವ ತುದಿಯಲ್ಲಿ ಇನ್ನೊಂದರ ಔಟ್‌ಪುಟ್ ಇದೆ.

ಪ್ರಶ್ನೆ: ಫಜ್ ಫೇಸ್ ಮಾದರಿಯ ಪೆಡಲ್‌ಗೆ (ಸದ್ದನ್ನು ತೀರಾ ಒರಟಾಗಿಸುವಂಥದ್ದು) ಜರ್ಮೇನಿಯಮ್ ಟ್ರಾನ್ಸಿಸ್ಟರ್ ಬೇಕಂತೆ. ನನ್ನ ಹತ್ತಿರ ಹಳೆಯ ರೇಡಿಯೋಗಳಿಂದ ಕಿತ್ತ ಎಸಿ128 ನಾಲ್ಕಾರು ಇವೆ. ಮಲ್ಟಿಮೀಟರ್ ಒಂದಕ್ಕೆ 160 ಗೇನ್ ತೋರಿಸುತ್ತದೆ. ಇವನ್ನು ಹಾಕಲೋ, ಸಿಲಿಕಾನ್‌ಗೆ ಹೋಗಲೋ?

ಈ ಪ್ರಶ್ನೆಗೆ ನಿಧಾನವಾಗಿ ಉತ್ತರಿಸುತ್ತೇನೆ. ಇದು ನನಗೆ ತುಂಬಾ ಪ್ರಿಯವಾದ ಸರ್ಕ್ಯೂಟ್. ಎರಡು ಟ್ರಾನ್ಸಿಸ್ಟರ್, ಬೆರಳೆಣಿಕೆಯ ರೆಸಿಸ್ಟರ್, ಅಷ್ಟೇ. 1966ರಲ್ಲಿ ಲಂಡನ್ನಿನ ಆರ್ಬಿಟರ್ ಕಂಪನಿ ಇದನ್ನು ಹೊರತಂದಾಗ ಒಳಗಿದ್ದದ್ದು ಜರ್ಮೇನಿಯಮ್. ಕೆಲವು ವರ್ಷಗಳಲ್ಲೇ ಬಿಸಿ183, ಬಿಸಿ108ರಂಥ ಸಿಲಿಕಾನ್‌ಗಳು ಬಂದವು. ಹಾಗಾಗಿ ಸಿಲಿಕಾನ್ ಹಾಕುವುದು ಮೋಸವೇನಲ್ಲ, ಅದು ಆ ಪೆಡಲ್‌ನ ಚರಿತ್ರೆಯಲ್ಲೇ ಇದೆ.

ಮೊದಲು ನಿಮ್ಮ ಎಸಿ128ಗಳನ್ನು ಅಳೆಯೋಣ. ಮಲ್ಟಿಮೀಟರ್ ತೋರಿಸುವ 160ನ್ನು ನಂಬಬೇಡಿ. ಜರ್ಮೇನಿಯಮ್ ಟ್ರಾನ್ಸಿಸ್ಟರ್ ಬೇಸ್‌ಗೆ ಏನೂ ಕೊಡದಿದ್ದರೂ ಸ್ವಲ್ಪ ಕರೆಂಟ್ ಸೋರಿಸುತ್ತದೆ. ಆ ಸೋರಿಕೆಯನ್ನೂ ಮೀಟರ್ ಗೇನ್ ಎಂದೇ ಎಣಿಸಿಬಿಡುತ್ತದೆ.

ಒಂದು 9 ವೋಲ್ಟ್ ಬ್ಯಾಟರಿ, ಬ್ರೆಡ್‌ಬೋರ್ಡ್ ತೆಗೆದುಕೊಳ್ಳಿ. ಎಸಿ128 ಪಿಎನ್‌ಪಿ ಜಾತಿ, ಆದ್ದರಿಂದ ಎಮಿಟರ್ ಬ್ಯಾಟರಿಯ ಪ್ಲಸ್‌ಗೆ. ಕಲೆಕ್ಟರ್‌ನಿಂದ ಮೈನಸ್‌ಗೆ 2.47 ಕಿಲೋಓಮ್, ಅಂಥ ರೆಸಿಸ್ಟರ್ ಸಿಗದು, 2.4 ಕಿಲೋಓಮ್ ಹಿಂದೆ 68 ಓಮ್ ಸೇರಿಸಿ. ಬೇಸ್ ಖಾಲಿ ಬಿಡಿ. ಈಗ ರೆಸಿಸ್ಟರ್‌ನ ಎರಡು ತುದಿಗಳ ನಡುವಿನ ವೋಲ್ಟೇಜ್ ನೋಡಿ. ಇದೇ ಸೋರಿಕೆ. ಆಮೇಲೆ ಬೇಸ್‌ನಿಂದ ಮೈನಸ್‌ಗೆ 2.2 ಮೆಗಾಓಮ್ ಹಾಕಿ ಮತ್ತೆ ನೋಡಿ. ಎರಡನೆಯದರಿಂದ ಮೊದಲನೆಯದನ್ನು ಕಳೆದು ನೂರರಿಂದ ಗುಣಿಸಿದರೆ ನಿಜವಾದ ಗೇನ್. 2.2 ಮೆಗಾಓಮ್ ಮೂಲಕ ಬೇಸ್‌ಗೆ ಹೋಗುವುದು ಸುಮಾರು 4 ಮೈಕ್ರೋಆಂಪಿಯರ್. ಅದರ ನೂರು ಪಟ್ಟು 2.47 ಕಿಲೋಓಮ್‌ನಲ್ಲಿ ಹರಿದರೆ 1 ವೋಲ್ಟ್ ಬರುತ್ತದೆ, ಲೆಕ್ಕ ಅಷ್ಟೇ.

ಉದಾಹರಣೆಗೆ, ಬೇಸ್ ಖಾಲಿ ಇದ್ದಾಗ 0.25 ವೋಲ್ಟ್, ರೆಸಿಸ್ಟರ್ ಹಾಕಿದಾಗ 1.15 ವೋಲ್ಟ್ ಬಂತು ಎನ್ನಿ. ಗೇನ್ 90. ಸೋರಿಕೆ ಸುಮಾರು 100 ಮೈಕ್ರೋಆಂಪಿಯರ್. ಒಳ್ಳೆಯ ಪೀಸ್ ಅದು. ಸೋರಿಕೆ 200 ದಾಟಿದರೆ ನಾನು ಪಕ್ಕಕ್ಕಿಡುತ್ತೇನೆ. ಮೊದಲ ಟ್ರಾನ್ಸಿಸ್ಟರ್‌ಗೆ 70ರಿಂದ 90, ಎರಡನೆಯದಕ್ಕೆ 100ರಿಂದ 130 ಗೇನ್ ಇದ್ದರೆ ನನ್ನ ಕಿವಿಗೆ ಚೆನ್ನಾಗಿ ಕೂರುತ್ತದೆ.

ಅಳೆಯುವಾಗ ಒಂದು ಪ್ರಯೋಗ ಮಾಡಿ. ಬೇಸ್ ಖಾಲಿ ಇರುವಾಗಲೇ ಟ್ರಾನ್ಸಿಸ್ಟರ್‌ನ ಲೋಹದ ಮೈಯನ್ನು ಎರಡು ಬೆರಳಲ್ಲಿ ಹಿಡಿದು ಮೀಟರ್ ನೋಡುತ್ತಿರಿ. ಅಂಕಿ ಮೆಲ್ಲಗೆ ಏರಲು ಶುರುವಾಗುತ್ತದೆ. ಬಿಟ್ಟ ಕೂಡಲೇ ಇಳಿಯುವುದಿಲ್ಲ, ಸ್ವಲ್ಪ ಹೊತ್ತು ತೆಗೆದುಕೊಂಡು ಮೊದಲಿನ ಜಾಗಕ್ಕೆ ಬರುತ್ತದೆ. ಬರೀ ಮೈ ಬಿಸಿ ಸಾಕು ಅದಕ್ಕೆ. ಆದ್ದರಿಂದ ಬ್ರೆಡ್‌ಬೋರ್ಡ್‌ಗೆ ಚುಚ್ಚಿದ ತಕ್ಷಣ ಅಳೆಯಬೇಡಿ. ತಣ್ಣಗಾಗಲು ಬಿಡಿ. ಬಿಸಿ ದೀಪಗಳ ಕೆಳಗೆ ವೇದಿಕೆಯಲ್ಲಿ ಇದೇ ಪೆಡಲ್ ಮನೆಯಲ್ಲಿದ್ದಂತೆ ಏಕೆ ಕೇಳಿಸುವುದಿಲ್ಲ ಎಂಬುದಕ್ಕೂ ಇದೇ ಕಾರಣ.

ಜೋಡಿ ಸಿಕ್ಕಿತು ಅಂದರೂ ಎರಡನೆಯ ಟ್ರಾನ್ಸಿಸ್ಟರ್‌ನ ಕಲೆಕ್ಟರ್‌ನಲ್ಲಿ ಸರಿಯಾದ ವೋಲ್ಟೇಜ್ ಬರಬೇಕು. ಸುಮಾರು 4.5 ವೋಲ್ಟ್, ಬ್ಯಾಟರಿಯ ಅರ್ಧ. ಸರ್ಕ್ಯೂಟ್‌ನಲ್ಲಿ ಅಲ್ಲಿ 8.2 ಕಿಲೋಓಮ್ ಇದೆ. ಅದರ ಬದಲು 20 ಕಿಲೋಓಮ್‌ನ ಟ್ರಿಮ್‌ಪಾಟ್ (ತಿರುಗಿಸಿ ಬೆಲೆ ಬದಲಿಸಬಹುದಾದ ಪುಟ್ಟ ರೆಸಿಸ್ಟರ್) ಹಾಕಿ, ಮೀಟರ್ ನೋಡಿಕೊಂಡು ತಿರುಗಿಸಿ. ಆಮೇಲೆ ಗಿಟಾರ್ ನುಡಿಸುತ್ತಾ ಕೂದಲೆಳೆಯಷ್ಟು ಆಚೀಚೆ ಮಾಡಿ. ಸ್ವರ ಎಳೆದು ಬಿಟ್ಟಾಗ ಕೊನೆಯವರೆಗೂ ನಯವಾಗಿ ಇಳಿಯಬೇಕು. ಕೊನೆಯಲ್ಲಿ ತುಂಡುತುಂಡಾಗಿ ಉಗುಳಿದಂತೆ ಕೇಳಿದರೆ ಇನ್ನೂ ಸರಿಯಾಗಿಲ್ಲ.

ಇನ್ನು ಸಿಲಿಕಾನ್. ನಿಮ್ಮ ಎಸಿ128ಗಳಲ್ಲಿ ಒಂದೂ ಪಾಸಾಗದಿದ್ದರೆ ಬಿಸಿ108 ಹಾಕಿ. ಅದು ಎನ್‌ಪಿಎನ್, ಹಾಗಾಗಿ ಬ್ಯಾಟರಿಯ ತುದಿಗಳೂ ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರ್‌ಗಳೂ ತಿರುಗಬೇಕು. ಗೇನ್ 500ರ ಹತ್ತಿರದ ಟ್ರಾನ್ಸಿಸ್ಟರ್‌ಗಳನ್ನು ಇಲ್ಲಿಗೆ ಹಾಕಬೇಡಿ, ಕಿರಿಚುತ್ತದೆ. ಕೆಲವೊಮ್ಮೆ ರೇಡಿಯೋ ಸ್ಟೇಷನ್ನೇ ಕೇಳಿಸುತ್ತದೆ. ಅದಕ್ಕೆ ಕಲೆಕ್ಟರ್ ಮತ್ತು ಬೇಸ್ ನಡುವೆ 47ರಿಂದ 100 ಪಿಕೋಫ್ಯಾರಡ್ ಕೆಪ್ಯಾಸಿಟರ್ ಒಂದನ್ನು ಹಾಕಿದರೆ ಸಾಕು.

ಸಿಲಿಕಾನ್ ಹಾಕಿದರೆ ಕಳೆದುಕೊಳ್ಳುವುದು ಒಂದನ್ನು. ಜರ್ಮೇನಿಯಮ್ ಫಜ್‌ನಲ್ಲಿ ಗಿಟಾರ್‌ನ ವಾಲ್ಯೂಮ್ ಸ್ವಲ್ಪ ತಗ್ಗಿಸಿದರೆ ಸದ್ದು ಬಹುತೇಕ ಸ್ವಚ್ಛವಾಗಿ, ಮಿನುಗುವಂತೆ ಬರುತ್ತದೆ. ಸಿಲಿಕಾನ್‌ನಲ್ಲಿ ಅಷ್ಟು ಚೆನ್ನಾಗಿ ಬರುವುದಿಲ್ಲ. ನಾನು ಜರ್ಮೇನಿಯಮ್ ಬಿಡದಿರುವುದು ಇದೊಂದಕ್ಕೇ. ನೀವು ವಾಲ್ಯೂಮ್ ನಾಬ್ ಮುಟ್ಟದೆ ಪೂರ್ತಿ ಇಟ್ಟೇ ನುಡಿಸುವವರಾದರೆ ಸಿಲಿಕಾನ್‌ನಲ್ಲೇ ಸುಖವಾಗಿರಿ.

ಪಿಎನ್‌ಪಿ ಹಾಕಿದ ಪೆಡಲ್‌ನಲ್ಲಿ ಬ್ಯಾಟರಿಯ ಪ್ಲಸ್ ತುದಿ ಗ್ರೌಂಡ್ ಆಗುತ್ತದೆ. ಅದನ್ನು ಉಳಿದ ಪೆಡಲ್‌ಗಳ ಜೊತೆ ಒಂದೇ ಅಡಾಪ್ಟರ್‌ಗೆ ಸಿಕ್ಕಿಸಿದರೆ ಕೇಬಲ್‌ನ ಹೊರಕವಚದ ಮೂಲಕ ಅಡಾಪ್ಟರ್ ಶಾರ್ಟ್ ಆಗುತ್ತದೆ. ಪ್ರತ್ಯೇಕ ಬ್ಯಾಟರಿ ಕೊಡಿ.

ಪ್ರಶ್ನೆ: ಜೆ201 ಎಫ್‌ಇಟಿ (ಗೇಟ್ ಎಂಬ ಕಾಲಿನ ವೋಲ್ಟೇಜ್‌ನಿಂದ ಕರೆಂಟ್ ಹಿಡಿತದಲ್ಲಿಡುವ ಟ್ರಾನ್ಸಿಸ್ಟರ್) ಸಿಗುತ್ತಿಲ್ಲ. 2ಎನ್5457 ಇದೆ. ಎರಡರ ಕಾಲುಗಳೂ ಒಂದೇ. ಹಾಗೇ ಹಾಕಬಹುದಾ?

ಕಾಲು ಒಂದೇ ನಿಜ, ಸ್ವಭಾವ ಬೇರೆ. ಜೆ201 ಪೂರ್ತಿ ಮುಚ್ಚಿಕೊಳ್ಳುವ ಗೇಟ್ ವೋಲ್ಟೇಜ್ 0.3ರಿಂದ 1.5ರ ಒಳಗೆ. 2ಎನ್5457ರದ್ದು 0.5ರಿಂದ 6ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಕರೆಂಟ್ ಕೂಡ ಹಾಗೆಯೇ: ಜೆ201ಗೆ 0.2ರಿಂದ 1 ಮಿಲಿಆಂಪಿಯರ್, ಇನ್ನೊಂದಕ್ಕೆ 1ರಿಂದ 5. ಅಂದರೆ ಒಂದೇ ಪ್ಯಾಕೆಟ್‌ನಿಂದ ತೆಗೆದ ಎರಡು ಕೂಡ ಒಂದರಂತೆ ಒಂದು ಇರುವುದಿಲ್ಲ.

ನಿಮ್ಮ ಸರ್ಕ್ಯೂಟ್‌ನಲ್ಲಿ ಅದು ಬರೀ ಬಫರ್ (ಸದ್ದು ಬದಲಿಸದೆ ಸಿಗ್ನಲ್ ಮುಂದೆ ದಾಟಿಸುವ ಹಂತ) ಆಗಿದ್ದರೆ ಯೋಚನೆ ಬೇಡ, ಹಾಕಿ. ಟ್ಯೂಬ್ ಆಂಪ್‌ನಂತೆ ಸದ್ದು ಮುರಿಯುವ ಹಂತಗಳಾಗಿದ್ದರೆ ಪ್ರತಿ ಹಂತದ ಡ್ರೇನ್‌ನಲ್ಲಿ ಟ್ರಿಮ್‌ಪಾಟ್ ಇರಲೇಬೇಕು. ತಿರುಗಿಸಿ 4.5 ವೋಲ್ಟ್ ಹತ್ತಿರಕ್ಕೆ ತನ್ನಿ. ಹಾಗೆ ಮಾಡಿದರೂ ಗೇನ್ ಸ್ವಲ್ಪ ಕಡಿಮೆ ಅನ್ನಿಸಬಹುದು. ನನ್ನನ್ನು ಕೇಳಿದರೆ ಜೆ201ರ ಸರ್ಫೇಸ್ ಮೌಂಟ್ ರೂಪ ಎಂಎಂಬಿಎಫ್‌ಜೆ201 ತೆಗೆದುಕೊಂಡು, ಮೂರು ಕಾಲಿನ ಪುಟ್ಟ ಅಡಾಪ್ಟರ್ ಬೋರ್ಡ್ ಮೇಲೆ ಬೆಸುಗೆ ಹಾಕಿ. ಒಳಗಿರುವುದು ಅದೇ ಎಫ್‌ಇಟಿ. ಹಳೆಯ ರೂಪದ ಜೆ201 ಎಂದು ಮಾರುವವುಗಳಲ್ಲಿ ನಕಲಿ ಬಹಳ. ತೆಗೆದುಕೊಂಡರೆ ಮೊದಲು ಅಳೆಯಿರಿ.

ಪ್ರಶ್ನೆ: ಎ500ಕೆ ಪಾಟ್ (ನಾಬ್ ತಿರುಗಿಸಿ ಬದಲಿಸುವ 500 ಕಿಲೋಓಮ್ ರೆಸಿಸ್ಟರ್) ಇರಬೇಕಾದ ಜಾಗದಲ್ಲಿ ಬಿ500ಕೆ ಅಥವಾ ಎ100ಕೆ ಹಾಕಬಹುದಾ?

ಯಾವ ಜಾಗ ಎಂದು ನೀವು ಬರೆದಿಲ್ಲ, ಹಾಗಾಗಿ ಎರಡನ್ನೂ ಹೇಳುತ್ತೇನೆ. ಔಟ್‌ಪುಟ್ ವಾಲ್ಯೂಮ್ ಆಗಿದ್ದರೆ ಮೂರು ಕಾಲೂ ಬಳಕೆಯಲ್ಲಿವೆ, ಅದು ಸಿಗ್ನಲ್‌ನ ಪಾಲು ಮಾಡುತ್ತದೆ ಅಷ್ಟೇ. ಹಿಂದೆ ಐಸಿ ಇದ್ದರೆ ಎ100ಕೆ ಹಾಯಾಗಿ ನಡೆಯುತ್ತದೆ. ಗೇನ್ ಪಾಟ್ ಆಗಿದ್ದರೆ ಸಾಮಾನ್ಯವಾಗಿ ಎರಡೇ ಕಾಲು ಬಳಸಿರುತ್ತಾರೆ. ಅಲ್ಲಿ ಆ ಬೆಲೆಯೇ ಗೇನ್ ಅನ್ನು ನಿರ್ಧರಿಸುತ್ತದೆ. 500ರ ಜಾಗದಲ್ಲಿ 100 ಹಾಕಿದರೆ ಹೆಚ್ಚಿನ ಗೇನ್ ಕೈಗೇ ಸಿಗುವುದಿಲ್ಲ.

ಎ ಎಂದರೆ ಲಾಗ್ (ಮೊದಲು ನಿಧಾನ, ಆಮೇಲೆ ಜೋರಾಗಿ ಏರುವುದು), ಬಿ ಎಂದರೆ ಲೀನಿಯರ್ (ಸಮವಾಗಿ ಏರುವುದು). ಕೆಲವು ಹಳೆಯ ಯುರೋಪಿಯನ್ ಪಾಟ್‌ಗಳಲ್ಲಿ ಎ ಎಂದರೆ ಲೀನಿಯರ್, ಹಾಗಾಗಿ ಮಧ್ಯಕ್ಕೆ ತಿರುಗಿಸಿ ಮೀಟರ್‌ನಲ್ಲಿ ನೋಡಿ. ವಾಲ್ಯೂಮ್‌ಗೆ ಲೀನಿಯರ್ ಹಾಕಿದರೆ ಎಲ್ಲ ಬದಲಾವಣೆಯೂ ನಾಬ್‌ನ ಮೊದಲ ಕಾಲು ಸುತ್ತಿನಲ್ಲೇ ಮುಗಿದಂತೆ ಅನ್ನಿಸುತ್ತದೆ. ಪಾಟ್‌ನ ಮಧ್ಯದ ಕಾಲಿನಿಂದ ಗ್ರೌಂಡ್ ಕಾಲಿಗೆ, ಪಾಟ್‌ನ ಬೆಲೆಯ ಐದನೇ ಒಂದು ಭಾಗದಷ್ಟು ರೆಸಿಸ್ಟರ್ ಹಾಕಿ. 500ಕ್ಕೆ 100 ಕಿಲೋಓಮ್. ಲಾಗ್‌ನಂತೆಯೇ ವರ್ತಿಸುತ್ತದೆ.

ಪ್ರಶ್ನೆ: 9 ವೋಲ್ಟ್ ಅನ್ನು 18 ಮಾಡಲು ಮ್ಯಾಕ್ಸ್1044 ಬದಲು ಐಸಿಎಲ್7660 ಹಾಕಿದೆ. ಈಗ ಹಿನ್ನೆಲೆಯಲ್ಲಿ ಸಣ್ಣ ಶಿಳ್ಳೆ ಕೇಳುತ್ತಿದೆ.

ಮ್ಯಾಕ್ಸ್1044ರ 1ನೇ ಕಾಲನ್ನು 8ಕ್ಕೆ ಸೇರಿಸಿದರೆ ಒಳಗಿನ ಆಸಿಲೇಟರ್ ಕಿವಿಗೆ ಕೇಳದಷ್ಟು ಮೇಲಕ್ಕೆ ಹೋಗುತ್ತದೆ. ಬರೀ 7660ಗೆ ಆ ಸೌಲಭ್ಯವಿಲ್ಲ. ಅದು 10 ಕಿಲೋಹರ್ಟ್ಸ್ ಸುತ್ತಮುತ್ತಲೇ ಓಡುತ್ತದೆ, ನಿಮಗೆ ಕೇಳುತ್ತಿರುವುದು ಅದೇ. ಐಸಿಎಲ್7660ಎಸ್ ಅಥವಾ ಟಿಸಿ1044ಎಸ್ ಹಾಕಿ. ಕೊನೆಯ ಎಸ್ ಅಕ್ಷರ ಮರೆಯಬೇಡಿ. ಇವು 12 ವೋಲ್ಟ್‌ವರೆಗೂ ತಡೆಯುತ್ತವೆ. ಮ್ಯಾಕ್ಸ್1044ಕ್ಕೆ 10 ವೋಲ್ಟೇ ಮಿತಿ, ಲೋಡ್ ಇಲ್ಲದಾಗ ಜಾಸ್ತಿ ವೋಲ್ಟೇಜ್ ಕೊಡುವ ಅಗ್ಗದ ಅಡಾಪ್ಟರ್ ಅದನ್ನು ಕೊಂದುಬಿಡುತ್ತದೆ. ಎಲ್‌ಟಿ1054 ಸಿಕ್ಕರೆ ಅದೂ ಒಳ್ಳೆಯದು, ಹೆಚ್ಚು ಕರೆಂಟ್ ಕೊಡುತ್ತದೆ. ಆದರೆ ಅದರ 1ನೇ ಕಾಲಿನ ಕೆಲಸ ಬೇರೆ, ಅದನ್ನು ಎಲ್ಲಿಗೂ ಸೇರಿಸದೆ ಬಿಡಿ. 18 ವೋಲ್ಟ್ ಬರುವ ಕಡೆ 16 ವೋಲ್ಟ್‌ನ ಕೆಪ್ಯಾಸಿಟರ್ ಇದ್ದರೆ ಇವತ್ತೇ ತೆಗೆದು 25 ಅಥವಾ 35 ವೋಲ್ಟ್‌ನದ್ದು ಹಾಕಿ.

ಪ್ರಶ್ನೆ: ರ‍್ಯಾಟ್ ಮಾದರಿಯ ಡಿಸ್ಟಾರ್ಷನ್‌ಗೆ ಎಲ್‌ಎಂ308 ಇಲ್ಲ. ಟಿಎಲ್071 ಸಾಕಾ?

ಇಲ್ಲಿ ಐಸಿ ನಿಜವಾಗಿಯೂ ಮುಖ್ಯ. ಮೊದಲ ಪ್ರಶ್ನೆಯ ಓವರ್‌ಡ್ರೈವ್‌ನಲ್ಲಿ ಐಸಿಯ ಮೇಲೆ ಇಷ್ಟು ಭಾರ ಬೀಳುವುದಿಲ್ಲ. ರ‍್ಯಾಟ್‌ನಲ್ಲಿ ಗೇನ್ ವಿಪರೀತ, ಐಸಿಗೆ ಅಷ್ಟು ವೇಗವಾಗಿ ಏರಿಳಿಯಲು ಆಗುವುದಿಲ್ಲ. ಎಲ್‌ಎಂ308 ಒಂದು ಮೈಕ್ರೋಸೆಕೆಂಡಿಗೆ ಸುಮಾರು 0.3 ವೋಲ್ಟ್ ಮಾತ್ರ ಏರುತ್ತದೆ. ಆ ನಿಧಾನವೇ ಚೂಪನ್ನು ತಿಂದು, ಸದ್ದಿಗೆ ಆ ಒರಟು ದಪ್ಪ ಕೊಡುವುದು. ಟಿಎಲ್071 ಅದರ 40 ಪಟ್ಟಿಗಿಂತ ವೇಗ. ಹಾಕಿದರೆ ಕೆಲಸ ಮಾಡುತ್ತದೆ, ಆದರೆ ಮೇಲಿನ ಸ್ವರ ಗರಗರ ಎನ್ನುತ್ತದೆ.

ಓಪಿ07 ಹಾಕಿ. ಅದರ ವೇಗವೂ 0.3 ವೋಲ್ಟೇ. ಎಲ್‌ಎಂ308ಗೆ 1 ಮತ್ತು 8ನೇ ಕಾಲಿನ ನಡುವೆ 30 ಪಿಕೋಫ್ಯಾರಡ್ ಬೇಕು. ಓಪಿ07 ಒಳಗೆ ಆ ಕೆಲಸ ಆಗಲೇ ಆಗಿದೆ. ಅಲ್ಲಿನ 1 ಮತ್ತು 8 ಬೇರೆಯದಕ್ಕೆ ಇರುವ ಕಾಲುಗಳು, ಆ ಕೆಪ್ಯಾಸಿಟರ್ ಹಾಕದೆ ಜಾಗ ಖಾಲಿ ಬಿಡಿ.